ಮೊಳೆ ಹೊಡೆಯುವ ಮುನ್ನ

ರಾತ್ರಿ ಎರಡು ಗಂಟೆಯ ಸಮಯ. ಕೆಂಗೇರಿ ಉಪನಗರದ ಬಾಡಿಗೆ ಮನೆಯಲ್ಲಿ ನನ್ನ ನಾದಿನಿಯ ಕುಟುಂಬ ಗಾಢ ನಿದ್ದೆಯಲ್ಲಿತ್ತು. ಪಾತ್ರೆ ಅಂಗಡಿಯೇ ಮಗುಚಿ ಬಿದ್ದಂತಹ ಸದ್ದು ಕೇಳಿ ಎಲ್ಲರೂ ಎದ್ದು ಅಡುಗೆ ಮನೆಗೆ ಓಡಿದರು. ದೀಪ ಹಾಕಿ ನೋಡಿದರೆ ನೆಲದ ತುಂಬ ಅಕ್ಕಿ, ತೊಗರಿಬೇಳೆ, ಒಡೆದ ಗಾಜಿನ ಚೂರುಗಳು, ಅವುಗಳ ನಡುವೆ ನಿಧಾನವಾಗಿ ಹರಿಯುತ್ತಿದ್ದ ಎಣ್ಣೆ. ಹಿಂದಿನ ದಿನ ಮಧ್ಯಾಹ್ನವಷ್ಟೇ ಬಡಗಿಯೊಬ್ಬರು ಬಂದು ಹಾಕಿಕೊಟ್ಟಿದ್ದ ಮರದ ಶೆಲ್ಫಿನ ಅಡಿಹಲಗೆ ಕಳಚಿ ಬಿದ್ದಿತ್ತು.

ಹೋದದ್ದು ಒಂದಿಷ್ಟು ದಿನಸಿ, ಮೂರು ಗಾಜಿನ ಭರಣಿ. ಆದರೆ ನಾದಿನಿ ಬೆಳಗಾಗುವವರೆಗೆ ನಡುಗುತ್ತಲೇ ಕೂತಿದ್ದಳು. ಏಕೆಂದರೆ ಹಗಲು ಹೊತ್ತಿನಲ್ಲಿ ಅವಳು ತನ್ನ ಆರು ತಿಂಗಳ ಮಗುವನ್ನು ಚಾಪೆ ಹಾಸಿ ಮಲಗಿಸುತ್ತಿದ್ದದ್ದು ಅದೇ ಶೆಲ್ಫಿನ ಕೆಳಗೆ. ಅಡುಗೆ ಮಾಡುತ್ತಿರುವಾಗ ಮಗು ಕಣ್ಣೆದುರೇ ಇರಲಿ ಎಂದು.

ಬೆಳಿಗ್ಗೆ ಫೋನ್ ಬಂದಾಗ ನಾನು ಒಬ್ಬಳೇ ಹೋಗಲಿಲ್ಲ. ಪಾದರಾಯನಪುರದಲ್ಲಿ ನಮ್ಮ ತವರಿಗೆ ಎರಡು ತಲೆಮಾರಿನಿಂದ ಮರದ ಕೆಲಸ ಮಾಡಿಕೊಟ್ಟ ಹಿರಿಯ ಬಡಗಿಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದು. ವಯಸ್ಸಾಗಿ ಕೆಲಸ ಬಿಟ್ಟಿದ್ದರೂ, ಕರೆದಾಗ ಬೇಡ ಎನ್ನುವವರಲ್ಲ. ಅವರನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ.

ಚಾಚಾ ಬಿದ್ದ ಹಲಗೆಯನ್ನು ತಿರುವಿ ಹಾಕಿ ನೋಡಿದರು. ಅದರಲ್ಲಿ ಎಂಟು ಮೊಳೆಗಳಿದ್ದವು. ಒಂದೂ ಮುರಿದಿರಲಿಲ್ಲ, ಬಾಗಿರಲಿಲ್ಲ. ಹೊಸದರಂತೆ ಹೊಳೆಯುತ್ತಿದ್ದವು. ಹಲಗೆಯ ಮೇಲ್ಮೈಯಿಂದ ಅವುಗಳ ಮೊನೆ ಹೊರಗೆ ಇಣುಕುತ್ತಿದ್ದದ್ದು ಕಾಲು ಇಂಚು ಮಾತ್ರ. ಚಾಚಾ ಆ ಮೊನೆಯನ್ನು ಬೆರಳ ತುದಿಯಿಂದ ಮುಟ್ಟಿ ಹೇಳಿದರು: “ನೋಡು ಬೇಟಿ, ಇಪ್ಪತ್ತು ಕಿಲೋ ಸಾಮಾನು ನೇತಾಡುತ್ತಿದ್ದದ್ದು ಇಷ್ಟರ ಮೇಲೆ.”

ಶೆಲ್ಫಿಗೆ ಬಳಸಿದ್ದು ಮುಕ್ಕಾಲು ಇಂಚು ದಪ್ಪದ ಸಿಲ್ವರ್ ಓಕ್ ಹಲಗೆ. ಮೊಳೆ ಒಂದು ಇಂಚಿನದು. ಅಡಿಹಲಗೆಯನ್ನು ಎರಡು ಬದಿಯ ಹಲಗೆಗಳ ತಳಕ್ಕೆ ಒತ್ತಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಮೊಳೆ ಹೊಡೆಯಲಾಗಿತ್ತು. ಮೊಳೆಯ ಮುಕ್ಕಾಲು ಇಂಚು ಅಡಿಹಲಗೆಯನ್ನು ದಾಟುವುದರಲ್ಲೇ ಮುಗಿಯಿತು. ಉಳಿದ ಕಾಲು ಇಂಚು ಬದಿಯ ಹಲಗೆಯನ್ನು ಹೊಕ್ಕಿತ್ತು. ಗೋಡೆಗೆ ಹಾಕಿದ್ದ ನಾಲ್ಕು ಸ್ಕ್ರೂಗಳು ಮಾತ್ರ ಚೂರೂ ಅಲುಗಿರಲಿಲ್ಲ. ಬಡಗಿ ಗೋಡೆಯ ಬಗ್ಗೆ ಯೋಚಿಸಿದ್ದರು, ಹಲಗೆಯ ಬಗ್ಗೆ ಯೋಚಿಸಿರಲಿಲ್ಲ.

“ಮೊಳೆಯೆಲ್ಲ ಗಂಡಸರ ವಿಷಯ, ನಮಗೇಕೆ?” ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಬಡಗಿ ಮನೆಗೆ ಬರುವುದು ಸಾಮಾನ್ಯವಾಗಿ ಯಾವಾಗ? ಮನೆಯವರು ಕೆಲಸಕ್ಕೆ, ಅಂಗಡಿಗೆ ಹೋದ ಹೊತ್ತಿನಲ್ಲಿ. ಅವರಿಗೆ ಚಹಾ ಕೊಟ್ಟು, ಕೆಲಸ ತೋರಿಸಿ, ಸಂಜೆ ಕೂಲಿ ಎಣಿಸಿ ಕೊಡುವವರು ನಾವು. ಆ ಶೆಲ್ಫಿನ ಮೇಲೆ ಡಬ್ಬಿ ಜೋಡಿಸುವವರೂ ನಾವೇ, ಅದರ ಕೆಳಗೆ ನಿಂತು ರೊಟ್ಟಿ ತಟ್ಟುವವರೂ ನಾವೇ.

ಎಳೆದರೆ ಸೋಲು, ಅಡ್ಡಕ್ಕೆ ಗೆಲುವು

ಮೊಳೆ ಮರವನ್ನು ಹಿಡಿದುಕೊಳ್ಳುವುದು ಹೇಗೆ? ಸ್ಕ್ರೂವಿಗೆ ಇರುವಂತೆ ಅದಕ್ಕೆ ಸುರುಳಿ ಹಲ್ಲುಗಳಿಲ್ಲ. ಮೊಳೆ ಒಳಗೆ ನುಗ್ಗುವಾಗ ಮರದ ನಾರುಗಳು ಪಕ್ಕಕ್ಕೆ ಸರಿದು, ಬಾಗಿ, ಮತ್ತೆ ತಮ್ಮ ಜಾಗಕ್ಕೆ ಬರಲು ನೋಡುತ್ತವೆ. ಆಗ ಮೊಳೆಯ ಮೈಯನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತವೆ. ಈ ಒತ್ತುವಿಕೆಯೇ ಮೊಳೆಯ ಬಲ. ಹಾಗಾಗಿ ಮೊಳೆಯ ತಲೆಯನ್ನು ಹಿಡಿದು ನೇರವಾಗಿ ಹೊರಕ್ಕೆ ಎಳೆದರೆ ಅದು ಜಾರಿ ಬಂದುಬಿಡುತ್ತದೆ. ಆದರೆ ಅದರ ಮೈಗೆ ಅಡ್ಡಲಾಗಿ ಭಾರ ಬಿದ್ದರೆ ಉಕ್ಕೇ ಬಾಗಬೇಕು ಅಥವಾ ಮರವೇ ಹರಿಯಬೇಕು. ಅಲ್ಲಿಯವರೆಗೆ ಅದು ತಾಳಿಕೊಳ್ಳುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಬಟ್ಟೆ ಸೋಪಿನ ಬಿಲ್ಲೆ ತೆಗೆದುಕೊಂಡು ಅದಕ್ಕೆ ಒಂದು ಮೊಳೆಯನ್ನು ಅರ್ಧದಷ್ಟು ಚುಚ್ಚಿ. ತಲೆ ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಇನ್ನೊಮ್ಮೆ ಚುಚ್ಚಿ, ಸೋಪನ್ನು ನೆಟ್ಟಗೆ ನಿಲ್ಲಿಸಿ, ಹೊರಗಿರುವ ಮೊಳೆಯನ್ನು ಸೋಪಿಗೆ ತಾಗಿದ ಜಾಗದಲ್ಲಿ ಬೆರಳಿಟ್ಟು ಕೆಳಕ್ಕೆ ಒತ್ತಿ. ಎಷ್ಟು ಬಲ ಹಾಕಬೇಕಾಗುತ್ತದೆ ನೋಡಿ! ಚಾಚಾ ಈ ಪರೀಕ್ಷೆಯನ್ನು ನಾದಿನಿಯ ಮನೆಯ ಸೋಪಿನಲ್ಲೇ ಮಾಡಿ ತೋರಿಸಿದರು. ಅವರು ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಆ ಸೋಪು ನಮಗೆ ಹೆಚ್ಚು ಅರ್ಥ ಮಾಡಿಸಿತು.

ಈಗ ಕಳಚಿ ಬಿದ್ದ ಶೆಲ್ಫನ್ನು ನೆನಪಿಸಿಕೊಳ್ಳಿ. ಅಡಿಹಲಗೆಯ ಮೇಲೆ ಬಿದ್ದ ಭಾರವೆಲ್ಲ ಮೊಳೆಯನ್ನು ಕೆಳಕ್ಕೆ, ಅಂದರೆ ನೇರವಾಗಿ ಹೊರಕ್ಕೆ ಎಳೆಯುತ್ತಿತ್ತು. ಅದೇ ಅಡಿಹಲಗೆಯನ್ನು ಎರಡು ಬದಿ ಹಲಗೆಗಳ ನಡುವೆ ಇಟ್ಟು, ಮೊಳೆಯನ್ನು ಬದಿಯಿಂದ ಹೊಡೆದಿದ್ದರೆ ಭಾರ ಮೊಳೆಗೆ ಅಡ್ಡಲಾಗಿ ಬೀಳುತ್ತಿತ್ತು. ಮರ ಅದೇ, ಬಡಗಿ ಅವರೇ, ಕೂಲಿ ಅಷ್ಟೇ. ಮೊಳೆ ಹೊಡೆಯುವ ದಿಕ್ಕು ಬದಲಾಗಿ, ಉದ್ದ ಒಂದು ಇಂಚು ಹೆಚ್ಚಾಗಿದ್ದರೆ ಸಾಕಿತ್ತು.

ಎಲ್ಲಿ ಭಾರ ನೇರವಾಗಿ ಮೊಳೆಯನ್ನು ಎಳೆಯುತ್ತದೆಯೋ ಅಲ್ಲಿ ಮೊಳೆ ಬೇಡ, ಸ್ಕ್ರೂ ಹಾಕಿಸಿ. ಬಾಗಿಲಿನ ಹಿಂಜಸ್‌ಗೆ, ಕಪಾಟಿನ ಹಿಡಿಗೆ, ಸಜ್ಜೆಯ ಬಾಗಿಲಿಗೆ ಮೊಳೆ ಹೊಡೆಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ಕ್ರೂವನ್ನೇ ಸುತ್ತಿಗೆಯಿಂದ ಮುಕ್ಕಾಲು ಭಾಗ ಬಡಿದು, ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುವವರೂ ಇದ್ದಾರೆ. ಹಾಗೆ ಬಡಿದ ಸ್ಕ್ರೂ ಮೊಳೆಗಿಂತಲೂ ಕಡೆ. ಅದರ ಹಲ್ಲುಗಳು ಒಳಗಿನ ನಾರನ್ನು ಹರಿದು ಹಾಕಿರುತ್ತವೆ. ಇದನ್ನು ಕಂಡರೆ ಸಂಕೋಚಪಡದೆ ತಡೆಯಿರಿ.

ಇಂಚು ಮತ್ತು ಗೇಜು

ಎಷ್ಟು ಉದ್ದದ ಮೊಳೆ ಬೇಕು ಎಂಬುದಕ್ಕೆ ಬಡಗಿಗಳಲ್ಲಿ ಬಹಳ ಹಿಂದಿನಿಂದಲೂ ಒಂದು ಲೆಕ್ಕವಿದೆ. ಯಾವ ಹಲಗೆಯನ್ನು ಜೋಡಿಸುತ್ತೀರೋ ಅದರ ದಪ್ಪದ ಎರಡೂವರೆಯಿಂದ ಮೂರು ಪಟ್ಟು ಉದ್ದದ ಮೊಳೆ. ತೆಳು ಹಲಗೆಯ ಕಡೆಯಿಂದ ದಪ್ಪ ಮರದೊಳಕ್ಕೆ ಹೊಡೆಯಬೇಕು, ತಿರುಗುಮುರುಗು ಮಾಡಬಾರದು. ಮುಕ್ಕಾಲು ಇಂಚಿನ ಹಲಗೆಗೆ ಎರಡು ಇಂಚಿನ ಮೊಳೆ ಹಾಕಿದರೆ ಒಂದೂಕಾಲು ಇಂಚು ಎರಡನೆಯ ಮರದೊಳಗೆ ಇರುತ್ತದೆ. ಹಿಡಿದುಕೊಳ್ಳುವುದು ಆ ಒಂದೂಕಾಲು ಇಂಚು. ಕಪಾಟಿನ ಹಿಂಬದಿಗೆ ಹಾಕುವ 6 ಮಿಲಿಮೀಟರ್ ಪ್ಲೈವುಡ್‌ಗೆ ಮುಕ್ಕಾಲು ಇಂಚಿನದು ಸಾಕು.

ಉದ್ದ ಇಂಚಿನಲ್ಲಾದರೆ ದಪ್ಪ ಗೇಜಿನಲ್ಲಿ. ಇಲ್ಲಿ ನಮ್ಮಂಥವರು ಎಡವುತ್ತೇವೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ಮೊಳೆ ತೆಳ್ಳಗಾಗುತ್ತದೆ. 8 ಗೇಜಿನ ಮೊಳೆ ನಾಲ್ಕು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ದಪ್ಪ. 12 ಗೇಜಿನದು ಸುಮಾರು 2.6 ಮಿಲಿಮೀಟರ್, 16 ಗೇಜಿನದು 1.6 ಮಿಲಿಮೀಟರ್. ತಂತಿಯನ್ನು ಅಚ್ಚುಗಳ ಮೂಲಕ ಮತ್ತೆ ಮತ್ತೆ ಎಳೆದು ತೆಳ್ಳಗೆ ಮಾಡುವ ಕಾಲದಿಂದ ಬಂದ ಲೆಕ್ಕ ಇದು. ಹೆಚ್ಚು ಸಲ ಎಳೆದಷ್ಟೂ ತಂತಿ ಸಪೂರ, ಸಂಖ್ಯೆ ದೊಡ್ಡದು. ಇಂದಿಗೂ ಮೊಳೆ ತಯಾರಾಗುವುದು ಇಂತಹ ತಂತಿಯಿಂದಲೇ. ಯಂತ್ರ ತಂತಿಯನ್ನು ಕಚ್ಚಿ ಹಿಡಿದು, ಒಂದು ತುದಿಯನ್ನು ಜಜ್ಜಿ ತಲೆ ಮಾಡುತ್ತದೆ, ಇನ್ನೊಂದು ತುದಿಯನ್ನು ಕತ್ತರಿಸಿ ಮೊನೆ ಮಾಡುತ್ತದೆ. ಮೊಳೆಯ ತಲೆಯ ಕೆಳಗೆ ಸಣ್ಣ ಗೀರುಗಳಿರುವುದನ್ನು ಗಮನಿಸಿದ್ದೀರಾ? ಅವು ಯಂತ್ರ ಕಚ್ಚಿ ಹಿಡಿದ ಗುರುತು. ತಲೆಯ ಮೇಲಿನ ಚೌಕಳಿ ಗೆರೆಗಳಿರುವುದು ಸುತ್ತಿಗೆ ಜಾರದಿರಲಿ ಎಂದು.

ಅಂಗಡಿಯಲ್ಲಿ “ಎರಡು ಇಂಚಿನ ಮೊಳೆ ಕೊಡಿ” ಎಂದರೆ ಅವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. “ಎರಡು ಇಂಚು, ಹನ್ನೆರಡು ಗೇಜು, ಕಾಲು ಕಿಲೋ” ಎಂದು ಹೇಳಿ ನೋಡಿ, ಅಂಗಡಿಯವರು ತಲೆಯೆತ್ತಿ ಒಮ್ಮೆ ನಿಮ್ಮನ್ನು ನೋಡಿಯೇ ಡಬ್ಬಕ್ಕೆ ಕೈ ಹಾಕುತ್ತಾರೆ. ಆ ಅಳತೆಯದು ಕಾಲು ಕಿಲೋಗೆ ನೂರಕ್ಕೂ ಹೆಚ್ಚು ಬರುತ್ತವೆ. ಒಂದು ಇಂಚಿನ 16 ಗೇಜಿನದಾದರೆ ಆರು ನೂರರ ಹತ್ತಿರ! ಒಂದು ಮನೆಗೆ ಅಷ್ಟು ಬೇಡ, ನೂರು ಗ್ರಾಂ ಧಾರಾಳ. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ವಿಜಯನಗರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವು ಬಿಡಿಯಾಗಿ ತೂಕಕ್ಕೆ ಸಿಗುತ್ತವೆ. ಇದಕ್ಕಾಗಿ ಎಸ್.ಜೆ.ಪಿ. ರಸ್ತೆಯ ಸಗಟು ಅಂಗಡಿಗಳವರೆಗೆ ಹೋಗುವುದು ದಂಡ.

ಮೊಳೆಯ ಜಾತಿಗಳನ್ನೂ ಸ್ವಲ್ಪ ತಿಳಿದಿರಬೇಕು. ಚಪ್ಪಟೆ ತಲೆಯ ಸಾದಾ ತಂತಿ ಮೊಳೆ ಒರಟು ಕೆಲಸಕ್ಕೆ, ಬಲ ಬೇಕಾದ ಕಡೆಗೆ. ತಲೆಯಿಲ್ಲದ ಸಪೂರ ಮೊಳೆ ಬೀಡಿಂಗ್ ಪಟ್ಟಿಗೆ, ಫೋಟೋ ಚೌಕಟ್ಟಿಗೆ. ಅದನ್ನು ಹೊಡೆದು ಮೇಲೆ ಮೇಣ ಅಥವಾ ಪುಟ್ಟಿ ಹಚ್ಚಿದರೆ ಕಾಣುವುದೇ ಇಲ್ಲ, ಆದರೆ ಅದು ಭಾರ ಹೊರುವ ಮೊಳೆಯಲ್ಲ. ಕಿಟಕಿಗೆ ಸೊಳ್ಳೆ ಜಾಲರಿ ಬಿಗಿಯಲು, ತಂತಿ ಹಿಡಿಸಲು ಎರಡು ಕಾಲಿನ ಯು ಮೊಳೆ. ತಗಡಿನ ಮಾಡಿಗೆ ಕೊಡೆಯಂತಹ ತಲೆಯುಳ್ಳ ಛತ್ರಿ ಮೊಳೆ. ಇದಕ್ಕೆ ಸತುವಿನ ಲೇಪ ಇರಲೇಬೇಕು, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಮೊಳೆಯ ಸುತ್ತಲೇ ನೀರು ಸೋರುತ್ತದೆ. ಗೋಡೆಗೆ ಹೊಡೆಯುವ ಸ್ಟೀಲ್ ಮೊಳೆಯ ವಿಷಯ ಮುಂದೆ ಹೇಳುತ್ತೇನೆ.

ಸ್ನಾನದ ಮನೆ, ಪಾತ್ರೆ ತೊಳೆಯುವ ಜಾಗ, ಬಟ್ಟೆ ಒಣಗಿಸುವ ಬಾಲ್ಕನಿ, ಇಂತಹ ಕಡೆಗಳಲ್ಲಿ ಕೂಡ ಸತುವಿನ ಲೇಪವಿರುವುದನ್ನೇ ಕೇಳಿ ಪಡೆಯಿರಿ. ತೇಗದಂತಹ ಕೆಲವು ಮರಗಳಲ್ಲಿ ಟ್ಯಾನಿನ್ ಎಂಬ ಒಗರು ಅಂಶವಿರುತ್ತದೆ. ಒದ್ದೆಯಾದಾಗ ಅದು ಕಬ್ಬಿಣದ ಜೊತೆ ಸೇರಿ ಮೊಳೆಯ ಸುತ್ತ ಮಸಿಯಂತಹ ಕಪ್ಪು ಕಲೆ ಮಾಡುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಬೆಲೆಬಾಳುವ ಮರಕ್ಕೆ ಹಿತ್ತಾಳೆಯ ಮೊಳೆ ಅಥವಾ ಸ್ಕ್ರೂ ಹಾಕುವುದು ಬರೀ ಅಂದಕ್ಕಲ್ಲ.

ಮರ ಸೀಳದಂತೆ

ಮೊಳೆ ದಪ್ಪವಾದಷ್ಟೂ ಒಳ್ಳೆಯದು ಎಂದುಕೊಂಡರೆ ಮರ ಸೀಳುತ್ತದೆ. ಸೀಳಿದ ಮರಕ್ಕೆ ಮೊಳೆಯನ್ನು ಒತ್ತಿ ಹಿಡಿಯುವ ಶಕ್ತಿಯಿಲ್ಲ. ಅದಕ್ಕೇ ಸೀಳದಷ್ಟು ತೆಳುವಾದ, ಬಾಗದಷ್ಟು ದಪ್ಪವಾದ ಮೊಳೆಯನ್ನು ಆರಿಸಬೇಕು. ಹಲಗೆಯ ಅಂಚಿಗೆ ತೀರಾ ಹತ್ತಿರ ಹೊಡೆಯಬಾರದು. ನಾಲ್ಕು ಮೊಳೆಗಳನ್ನು ಒಂದೇ ನಾರಿನ ಗೆರೆಯಲ್ಲಿ ಸಾಲಾಗಿ ಹೊಡೆದರೆ ಗೆರೆಗುಂಟ ಬಿರುಕು ಬರುವುದು ಖಚಿತ. ಹಾವಿನ ನಡಿಗೆಯಂತೆ ಆಚೆ ಈಚೆ ಹೊಡೆಯಬೇಕು.

ಚಾಚಾ ಮೊಳೆ ಹೊಡೆಯುವ ಮೊದಲು ಮಾಡುವ ಒಂದು ಕೆಲಸವನ್ನು ಚಿಕ್ಕಂದಿನಿಂದ ನೋಡಿದ್ದೆ, ಕಾರಣ ಗೊತ್ತಿರಲಿಲ್ಲ. ಮೊಳೆಯನ್ನು ತಲೆಕೆಳಗಾಗಿ ಹಿಡಿದು ಅದರ ಮೊನೆಗೇ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು. ಮೊನೆ ಮೊಂಡಾದರೆ ಮೊಳೆ ಹೇಗೆ ಇಳಿಯುತ್ತದೆ ಎಂದು ನಾವು ಮಕ್ಕಳು ನಗುತ್ತಿದ್ದೆವು. ಈ ಸಲ ಕೇಳಿಯೇಬಿಟ್ಟೆ. ಚೂಪು ಮೊನೆ ಸೌದೆ ಸೀಳುವ ಬೆಣೆಯ ಹಾಗೆ ನಾರುಗಳನ್ನು ಎರಡು ಪಕ್ಕಕ್ಕೆ ತಳ್ಳುತ್ತದೆ, ಅದರಿಂದ ಮರ ಸೀಳುತ್ತದೆ. ಮೊಂಡು ಮೊನೆ ನಾರುಗಳನ್ನು ಜಜ್ಜಿ ಕತ್ತರಿಸಿಕೊಂಡು ಒಳಗೆ ಹೋಗುತ್ತದೆ. ಹಿಡಿತ ತುಸು ಕಡಿಮೆಯಾಗುತ್ತದೆ ನಿಜ, ಆದರೆ ಹಲಗೆ ಉಳಿಯುತ್ತದೆ.

ಹೊನ್ನೆ, ಮತ್ತಿ, ಸಾಲ್‌ನಂತಹ ಗಟ್ಟಿ ಮರಕ್ಕೂ, ಸುಲಭವಾಗಿ ಸೀಳುವ ನೀಲಗಿರಿಗೂ ಈ ಉಪಾಯ ಸಾಲದು. ಮೊದಲೇ ಡ್ರಿಲ್ಲಿನಲ್ಲಿ ತೂತು ಮಾಡಿಕೊಳ್ಳಬೇಕು. ತೂತು ಮೊಳೆಗಿಂತ ಸಣ್ಣದಿರಲಿ. 12 ಗೇಜಿನ ಮೊಳೆಗೆ 2 ಮಿಲಿಮೀಟರ್ ಬಿಟ್ ಸರಿ ಹೋಗುತ್ತದೆ. ಮೊಳೆಯಷ್ಟೇ ದೊಡ್ಡ ತೂತು ಮಾಡಿದರೆ ನಾರು ಹಿಡಿಯುವುದಕ್ಕೆ ಏನೂ ಉಳಿಯದು.

ಹಲಗೆಯ ಕೊಯ್ದ ತುದಿಗೆ ಮೊಳೆ ಹೊಡೆದಾಗ ಅದು ನಾರುಗಳ ಉದ್ದಕ್ಕೆ ಹೋಗುವುದರಿಂದ ಹಿಡಿತ ತೀರಾ ಕಡಿಮೆ. ಕೆಂಗೇರಿಯ ಶೆಲ್ಫಿನಲ್ಲಿ ಈ ತಪ್ಪೂ ಸೇರಿಕೊಂಡಿತ್ತು. ಬೇರೆ ದಾರಿಯಿಲ್ಲದಿದ್ದರೆ ಎರಡು ಮೊಳೆಗಳನ್ನು ಒಂದಕ್ಕೊಂದು ಎದುರು ಬದುರು ಓರೆಯಾಗಿ ಹೊಡೆಯುತ್ತಾರೆ. ಆಗ ಹಲಗೆ ನೇರವಾಗಿ ಕಳಚಿ ಬರಲು ಆಗುವುದಿಲ್ಲ. ಜೊತೆಗೆ ಫೆವಿಕಾಲ್ ಹಚ್ಚಿದರೆ ಇನ್ನೂ ಒಳ್ಳೆಯದು.

ಪ್ಲೈವುಡ್ ಮುಖದ ಕಡೆಯಿಂದ ಮೊಳೆಯನ್ನು ಚೆನ್ನಾಗಿ ತಡೆಯುತ್ತದೆ, ಏಕೆಂದರೆ ಅದರ ಪದರಗಳ ನಾರು ಒಂದಕ್ಕೊಂದು ಅಡ್ಡಲಾಗಿರುತ್ತವೆ. ಅಂಚಿಗೆ ಹೊಡೆದರೆ ಮಾತ್ರ ಪುಸ್ತಕದ ಹಾಳೆಯಂತೆ ಪದರಗಳು ಬಿಡಿಸಿಕೊಳ್ಳುತ್ತವೆ. ಇನ್ನು ಕಂತಿನಲ್ಲಿ ತಂದ ರೆಡಿಮೇಡ್ ಕಪಾಟು, ಕಂಪ್ಯೂಟರ್ ಟೇಬಲ್‌ಗಳ ಪಾರ್ಟಿಕಲ್ ಬೋರ್ಡ್‌ಗೆ ದಯವಿಟ್ಟು ಮೊಳೆ ಹೊಡೆಸಬೇಡಿ. ಅದು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ಅದರಲ್ಲಿ ಮೊಳೆಯನ್ನು ಒತ್ತಿ ಹಿಡಿಯುವ ಉದ್ದ ನಾರೇ ಇಲ್ಲ. ಅದಕ್ಕೆಂದೇ ಇರುವ ದಪ್ಪ ಹಲ್ಲಿನ ಸ್ಕ್ರೂಗಳಿವೆ. ಒಮ್ಮೆ ಹಾಳಾದ ತೂತು ಮತ್ತೆ ಹಿಡಿಯುವುದಿಲ್ಲ, ಪಕ್ಕದಲ್ಲಿ ಹೊಸ ಜಾಗ ಹುಡುಕಬೇಕು.

ಎಲ್ಲವನ್ನೂ ಸರಿಯಾಗಿ ಹೊಡೆದ ಮೇಲೂ ಕೆಲವೊಮ್ಮೆ ತಿಂಗಳುಗಳ ನಂತರ ಮೊಳೆಯ ತಲೆ ಮೇಲೆದ್ದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇದು ಹಸಿ ಮರದ ಕಿತಾಪತಿ. ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೆಂಗಳೂರಿನ ಫೆಬ್ರವರಿ ಮಾರ್ಚಿನ ಒಣ ಹವೆಗೆ ಕುಗ್ಗುತ್ತದೆ. ಮೊಳೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಮರ ಕೊಳ್ಳುವಾಗ ಅಗ್ಗವೆಂದು ಹಸಿ ಹಲಗೆ ತಂದರೆ ಅದು ಒಣಗುತ್ತ ಕುಗ್ಗಿದಂತೆ ಮೊಳೆ ಸಡಿಲವಾಗುತ್ತದೆ. ಮರವನ್ನು ಹದವಾಗಿ ಒಣಗಿಸುವುದೇ ಒಂದು ವಿದ್ಯೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂತಹ ವಿಷಯಗಳ ಅಧ್ಯಯನಕ್ಕೆಂದೇ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು ಅದು.

ಮರ ಮಿಸುಕಾಡುತ್ತದೆ, ಮೊಳೆ ಮಿಸುಕಾಡದು ಎಂಬ ಈ ತೊಡಕನ್ನು ಹಿಂದಿನ ನಾವಿಕರೂ ಬಲ್ಲವರಾಗಿದ್ದರು. ಪ್ರವಾದಿ ನೂಹ್(ಅ)ರ ನಾವೆಯನ್ನು ಕುರಿತು ಸೂರಃ ಅಲ್-ಕಮರ್‌ನಲ್ಲಿ ಹಲಗೆಗಳ ಜೊತೆ ಮೊಳೆಗಳ ಪ್ರಸ್ತಾಪವೂ ಇದೆ. ಆದರೆ ಅರಬಿ ಸಮುದ್ರದ ವ್ಯಾಪಾರಿ ಹಡಗುಗಳನ್ನು ಬಹುಕಾಲ ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡುಹೋದ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಬರೆದಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕಿ ತಾಳಿಕೊಳ್ಳುತ್ತದೆ ಎಂದು. ನಮ್ಮ ಅಡುಗೆ ಮನೆಯ ಶೆಲ್ಫ್ ಸಮುದ್ರಕ್ಕೆ ಹೋಗುವುದಿಲ್ಲವಾದ್ದರಿಂದ ಹೊಲಿಯುವ ಅಗತ್ಯವಿಲ್ಲ, ಒಣಗಿದ ಮರ ಇದ್ದರೆ ಸಾಕು.

ಬಾಡಿಗೆ ಮನೆಯ ಗೋಡೆ

ರಾಜಾಜಿನಗರ, ವಿಜಯನಗರದ ಕಡೆ ಬಾಡಿಗೆಗೆ ಇರುವವರಿಗೆ ಮನೆ ಮಾಲಿಕರ ಮೊದಲ ಷರತ್ತು ಗೊತ್ತೇ ಇದೆ: “ಗೋಡೆಗೆ ಮೊಳೆ ಹೊಡೆಯಬೇಡಿ.” ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಹಣ ಮುರಿದುಕೊಳ್ಳುವುದು ನಮ್ಮ ಊರಿನ ರೂಢಿ. ಗೋಡೆಯ ತೂತುಗಳನ್ನು ಎಣಿಸಿ ಜಗಳವಾದ ಮನೆಗಳೂ ಉಂಟು. ಆದ್ದರಿಂದ ಮೊದಲೇ ಕೇಳಿ, ಎಲ್ಲಿ ಎಷ್ಟು ಎಂದು ಒಪ್ಪಿಗೆ ಪಡೆದೇ ಹೊಡೆಯಿರಿ.

ಮರದ ಮೊಳೆಯನ್ನು ಗೋಡೆಗೆ ಹೊಡೆದರೆ ಗಾರೆ ಉದುರಿ, ಮೊಳೆ ಬಾಗುತ್ತದೆ. ಗೋಡೆಗೆ ಇರುವುದು ಸ್ಟೀಲ್ ಮೊಳೆ, ಅಂದರೆ ಹದಗೊಳಿಸಿ ಗಟ್ಟಿ ಮಾಡಿದ ಉಕ್ಕಿನದು. ಅದು ಬಾಗುವುದಿಲ್ಲ, ಆದರೆ ಓರೆ ಏಟು ಬಿದ್ದರೆ ತುಂಡಾಗಿ ಸಿಡಿಯಬಹುದು. ಹೊಡೆಯುವವರು ಕನ್ನಡಕ ಹಾಕಿಕೊಂಡಿರಲಿ, ಮಕ್ಕಳು ಆ ಕೋಣೆಯಲ್ಲಿ ಇರದಿರಲಿ. ಗಡಿಯಾರ, ಕ್ಯಾಲೆಂಡರ್‌ನಂತಹ ಹಗುರ ವಸ್ತುಗಳಿಗೆ ಅದು ಸಾಕು. ಶೆಲ್ಫ್, ಕನ್ನಡಿ, ಟಿ.ವಿ. ಸ್ಟ್ಯಾಂಡ್‌ಗಳಿಗೆ ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಕ್ರೂ ಹಾಕಲೇಬೇಕು. ಒಳಗೆ ಪೊಳ್ಳಿರುವ ಸಿಮೆಂಟ್ ಬ್ಲಾಕಿನ ಗೋಡೆಯಾಗಿದ್ದರೆ ಡ್ರಿಲ್ ಮಾಡುವಾಗ ಬಿಟ್ ಸಟ್ಟನೆ ಒಳಗೆ ಜಾರುತ್ತದೆ. ಅಲ್ಲಿ ಸಾದಾ ಪ್ಲಗ್ ನಿಲ್ಲದು, ಪೊಳ್ಳು ಗೋಡೆಗೆಂದೇ ಬರುವುದನ್ನು ತರಿಸಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮತ್ತು ಅದೇ ಮಟ್ಟದಲ್ಲಿ ಪಕ್ಕಕ್ಕೆ ಮೊಳೆ ಬೇಡ. ಗೋಡೆಯೊಳಗೆ ವಿದ್ಯುತ್ ತಂತಿಯ ಪೈಪುಗಳು ಹೋಗುವುದು ಆ ದಾರಿಯಲ್ಲೇ. ನಲ್ಲಿ, ಗೀಸರ್ ಇರುವ ಗೋಡೆಗೂ ಇದೇ ಮಾತು.

ನೀವೇ ಹೊಡೆಯುವುದಾದರೆ

ಸಣ್ಣ ಕೆಲಸಕ್ಕೆಲ್ಲ ಬಡಗಿಯನ್ನು ಕಾಯಬೇಕಾಗಿಲ್ಲ. ಸುತ್ತಿಗೆಯ ಹಿಡಿಯನ್ನು ತಲೆಯ ಹತ್ತಿರ ಹಿಡಿಯುವುದು ಹೊಸಬರ ಅಭ್ಯಾಸ. ತುದಿಯಲ್ಲಿ ಹಿಡಿಯಿರಿ, ಸುತ್ತಿಗೆಯ ತೂಕವೇ ಕೆಲಸ ಮಾಡುತ್ತದೆ. ಮೊದಲ ಎರಡು ಏಟು ಮೆಲ್ಲಗೆ, ಮೊಳೆ ತಾನಾಗಿ ನಿಂತ ಮೇಲೆ ಜೋರಾಗಿ. ಬೆರಳಿಗೆ ಏಟಾಗುವ ಭಯವಿದ್ದರೆ ಮೊಳೆಯನ್ನು ಹಳೆಯ ಬಾಚಣಿಗೆಯ ಹಲ್ಲುಗಳ ನಡುವೆ ಅಥವಾ ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿಯಿರಿ. ಸ್ಕ್ರೂ ಬಿಗಿಯಾಗಿ ತಿರುಗದಿದ್ದರೆ ಅದಕ್ಕೆ ಮೇಣದ ಬತ್ತಿ ಉಜ್ಜಿ. ಮೊಳೆ ಕೀಳುವಾಗ ಸುತ್ತಿಗೆಯ ಸೀಳು ಬಾಯಿಯ ಕೆಳಗೆ ಒಂದು ಮರದ ತುಂಡು ಇಟ್ಟರೆ ಹಲಗೆಗೆ ಗುಂಡಿ ಬೀಳುವುದಿಲ್ಲ, ಮೊಳೆಯೂ ನೇರವಾಗಿ ಬರುತ್ತದೆ. ಬಾಗಿದ ಮೊಳೆಯನ್ನು ತಟ್ಟಿ ನೇರ ಮಾಡಿ ಬಳಸುವುದು ನಮ್ಮ ಅಮ್ಮಂದಿರ ಕಾಲದ ಉಳಿತಾಯ. ಕ್ಯಾಲೆಂಡರ್‌ಗೆ ಅಡ್ಡಿಯಿಲ್ಲ, ಭಾರದ ಕೆಲಸಕ್ಕೆ ಬೇಡ. ಒಮ್ಮೆ ಬಾಗಿದ ಜಾಗ ಮತ್ತೆ ಅಲ್ಲೇ ಸೋಲುತ್ತದೆ.

ಯಾರು ಎಷ್ಟೇ ಭರವಸೆ ಕೊಟ್ಟರೂ ಮಗುವಿನ ತೊಟ್ಟಿಲನ್ನು, ಸೀರೆಯ ಜೋಲಿಯನ್ನು ಮೊಳೆಗೆ ಕಟ್ಟಬೇಡಿ. ಮರದ ತೊಲೆಗೆ ಹೊಡೆದ ದೊಡ್ಡ ಮೊಳೆ ನೋಡಲು ಗಟ್ಟಿಯಾಗಿರುತ್ತದೆ. ತೂಗುವಾಗ ಅದು ಪ್ರತಿ ಸಲವೂ ಎರಡೂ ಕಡೆಗೆ ಕೂದಲೆಳೆಯಷ್ಟು ಅಲುಗುತ್ತದೆ, ನಾರಿನ ಹಿಡಿತ ದಿನದಿಂದ ದಿನಕ್ಕೆ ಸಡಿಲವಾಗುತ್ತದೆ. ಕಳಚುವ ಹಿಂದಿನ ಕ್ಷಣದವರೆಗೂ ಹೊರಗೆ ಏನೂ ಕಾಣುವುದಿಲ್ಲ. ತೊಲೆಗಾದರೆ ಆರಪಾರ ಹೋಗಿ ಮೇಲೆ ನಟ್ಟು ಬಿಗಿದ ಬೋಲ್ಟ್ ಕೊಕ್ಕೆ, ಆರ್.ಸಿ.ಸಿ. ಛಾವಣಿಗಾದರೆ ಕಟ್ಟುವಾಗಲೇ ಕಂಬಿಗೆ ಸೇರಿಸಿ ಬಿಟ್ಟ ಕೊಕ್ಕೆ. ಎರಡೂ ಇಲ್ಲವಾದರೆ ನೆಲದ ಮೇಲೆ ನಿಲ್ಲುವ ತೊಟ್ಟಿಲೇ ಸರಿ.

ಕೆಲಸ ಮುಗಿದ ಮೇಲೆ ನೆಲವನ್ನು ಒಮ್ಮೆ ಗುಡಿಸಿ, ಮತ್ತೊಮ್ಮೆ ಆಯಸ್ಕಾಂತ ಆಡಿಸಿ. ಮೊಳೆ ಚುಚ್ಚಿದರೆ ತುಕ್ಕಿನಿಂದ ಧನುರ್ವಾಯು ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ಅದು ಬರುವುದು ಮಣ್ಣು, ಸಗಣಿಯಲ್ಲಿರುವ ರೋಗಾಣುವಿನಿಂದ. ಮೊಳೆ ಮಾಡುವ ಗಾಯ ಸಣ್ಣ ಬಾಯಿಯ, ಆಳದ ಗಾಯ. ಗಾಳಿಯಾಡದ ಅಂತಹ ಜಾಗ ಆ ರೋಗಾಣುವಿಗೆ ಪ್ರಶಸ್ತ. ಹೊಚ್ಚ ಹೊಸ ಮೊಳೆಯೂ ಮಣ್ಣಿನಲ್ಲಿ ಬಿದ್ದಿದ್ದರೆ ಅಪಾಯವೇ. ಅರಿಸಿನ, ಕಾಫಿ ಪುಡಿ ಮೆತ್ತದೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರ ಬಳಿ ಹೋಗಿ. ಗಾಯ ಆಳವಾಗಿ, ಮಣ್ಣಾಗಿದ್ದು, ಹಿಂದಿನ ಚುಚ್ಚುಮದ್ದು ಪಡೆದು ಐದು ವರ್ಷ ಕಳೆದಿದ್ದರೆ ಮತ್ತೊಂದು ಬೇಕಾಗುತ್ತದೆ. ಹಿಂದೆ ಟಿ.ಟಿ. ಎನ್ನುತ್ತಿದ್ದುದರ ಜಾಗದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಈಗ ಕೊಡುವುದು ಟಿ.ಡಿ.

ಕೆಂಗೇರಿಯ ಶೆಲ್ಫನ್ನು ಚಾಚಾ ಅದೇ ಹಲಗೆಗಳಿಂದ ಮತ್ತೆ ಮಾಡಿದರು. ಅಡಿಹಲಗೆಯನ್ನು ಎರಡು ಬದಿಗಳ ಒಳಗೆ ಸೇರುವಷ್ಟು ಕೊಯ್ದು, ಬದಿಯಿಂದ ಎರಡು ಇಂಚಿನ ಮೊಳೆಗಳನ್ನು ಓರೆಯಾಗಿ ಹೊಡೆದರು. ಅದರ ಕೆಳಗೆ ಎರಡೂ ಕಡೆ ಒಂದೊಂದು ಆಸರೆ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿದರು. ಆಮೇಲೆ ತಾವೇ ಎರಡೂ ಕೈ ಊರಿ, ಕಾಲೆತ್ತಿ ಅದರ ಮೇಲೆ ಭಾರ ಬಿಟ್ಟು ನೋಡಿದರು. ಅವರ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ನಾವು ಹೆದರಿದೆವು, ಶೆಲ್ಫ್ ಮಾತ್ರ ಅಲುಗಲಿಲ್ಲ. ಆದರೂ ನಾದಿನಿ ಮಗುವಿನ ಚಾಪೆಯನ್ನು ಎದುರು ಗೋಡೆಯ ಕಡೆಗೆ ಬದಲಿಸಿದ್ದಾಳೆ.

ಹೋದ ತಿಂಗಳು ಅವಳ ಮನೆಯ ಕಿಟಕಿಗೆ ಜಾಲರಿ ಹಾಕಲು ಬೇರೊಬ್ಬ ಬಡಗಿ ಬಂದಿದ್ದರಂತೆ. ಚಹಾ ಕೊಡುವ ಮೊದಲೇ ಇವಳು “ಯಾವ ಮೊಳೆ ತಂದಿದ್ದೀರಿ ಭಾಯಿ, ಒಮ್ಮೆ ತೋರಿಸಿ” ಎಂದಳಂತೆ. ಅವರು ಆಶ್ಚರ್ಯದಿಂದ ಚೀಲ ಬಿಚ್ಚಿ ಯು ಮೊಳೆಗಳ ಪೊಟ್ಟಣ ಮುಂದಿಟ್ಟರಂತೆ. “ಫೋನ್‌ನಲ್ಲಿ ಹೇಳುತ್ತ ಎಷ್ಟು ನಗು ಬಂತು ಗೊತ್ತಾ ಭಾಭಿ” ಎಂದಳು. “ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸರಿ, ಹೊಡೆಯಿರಿ ಅಂದೆ.”